ನಾಲ್ಕು ಫೂಟಿನ ಟ್ಯಾಂಕಿಗೆ ಯಾವ ಬೇಟೆ ಮೀನು?

ಪ್ರಶ್ನೆ: ನಮ್ಮದು ವಿಜಯಪುರರಿ. ಪಡಸಾಲ್ಯಾಗ ನಾಲ್ಕು ಫೂಟ್ ಉದ್ದ, ಒಂದೂವರೆ ಫೂಟ್ ಅಗಲ, ಒಂದೂವರೆ ಫೂಟ್ ಎತ್ತರದ ಅಕ್ವೇರಿಯಂ ಅದ. ಎರಡು ವರ್ಷದಿಂದ ಅದರಾಗ ಆರು ಗೋಲ್ಡ್ ಫಿಶ್ ಸಾಕೀನಿ. ಈಗ ನನಗೂ ನನ್ನ ಮಗನಿಗೂ ಬೇಟೆ ಆಡೋ ಮೀನು ಸಾಕಬೇಕಂತ ಭಾಳ ಆಸೆ ಆಗ್ಯಾದ. ಅಂಗಡಿಯವರು ಒಂದು ಅರೋವಾನಾ, ಎರಡು ಆಸ್ಕರ್, ಒಂದು ಅಲಿಗೇಟರ್ ಗಾರ್ ಕೂಡಿಸಿ ಹಾಕ್ರಿ, ಟ್ಯಾಂಕ್ ಎಷ್ಟಿರ್ತದೋ ಮೀನು ಅಷ್ಟಕ್ಕೇ ಬೆಳದು ನಿಲ್ತಾವು ಅಂತಾರ. ಖರೇ ಏನ್ರಿ? ನಮ್ಮದು ಬೋರ್ ನೀರು, ಕರಗಿದ ಲವಣದ ಅಳತೆ (ಟಿಡಿಎಸ್) 900 ತೋರಸ್ತದ. ಬ್ಯಾಸಿಗ್ಯಾಗ ಕರೆಂಟ್ ಭಾಳ ಹೋಗ್ತದ. ಇರೋ ಗೋಲ್ಡ್ ಫಿಶ್ ಹೊಸಾ ಮೀನಿಗೆ ತಿನ್ನಾಕ ಹಾಕಬಹುದೇನು?

ಉತ್ತರ: ಖರೇ ಅಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ನಂಬಿ ನಾನೂ ಒಂದು ಮೀನನ್ನು ಕಳೆದುಕೊಂಡಿದ್ದೇನೆ.

ನಿಮ್ಮಷ್ಟೇ ಅಳತೆಯ ಟ್ಯಾಂಕ್ ನನ್ನದು. ಗೇಣುದ್ದದ ಸಿಲ್ವರ್ ಅರೋವಾನಾ ತಂದು ಬಿಟ್ಟೆ. ಒಂದು ವರ್ಷ ತುಂಬುವುದರೊಳಗೆ ಅದು ಮೊಳದುದ್ದ ಆಯಿತು. ಅರೋವಾನಾ ನೀರಿನ ಮೇಲ್ಪದರದಲ್ಲಿ ಉದ್ದಕ್ಕೆ ಈಜಾಡುವ ಮೀನು. ನನ್ನ ಟ್ಯಾಂಕಿನಲ್ಲಿ ಅದು ನಾಲ್ಕು ಸಲ ಬಾಲ ಬೀಸುವಷ್ಟರಲ್ಲಿ ಗಾಜು ಎದುರಾಗುತ್ತಿತ್ತು, ತಿರುಗಬೇಕೆಂದರೆ ಮೈಯನ್ನು ಬಿಲ್ಲಿನಂತೆ ಬಾಗಿಸಬೇಕಾಗುತ್ತಿತ್ತು. ಮುಂದೆ ಕಿವಿರಿನ ಮುಚ್ಚಳದ ಅಂಚು ಹೊರಗೆ ಸುರುಳಿಯಾಯಿತು. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಮುಚ್ಚಳ ಸರಿದಿತ್ತು, ಮೀನು ಫರಸಿಯ ಮೇಲೆ ಒಣಗಿ ಬಿದ್ದಿತ್ತು. ಅದನ್ನು ಎತ್ತಿದ ನೆನಪು ಇವತ್ತಿಗೂ ಹೋಗಿಲ್ಲ.

ಟ್ಯಾಂಕಿನ ಅಳತೆ ನೋಡಿ ಬೆಳವಣಿಗೆ ನಿಲ್ಲಿಸುವ ವ್ಯವಸ್ಥೆ ಯಾವ ಮೀನಿನ ಮೈಯಲ್ಲೂ ಇಲ್ಲ. ಇಕ್ಕಟ್ಟಿನಲ್ಲಿ ಕೆಲವು ಮೀನು ಗಿಡ್ಡಾಗುವುದು ನಿಜ. ಆದರೆ ಅದು ಕೊಳೆ ಹೆಚ್ಚಾದ ನೀರಿನಲ್ಲಿ, ಓಡಾಟವಿಲ್ಲದೆ ಸೊರಗಿದ್ದರಿಂದ ಆದದ್ದು. ಬೆನ್ನು ಡೊಂಕಾಗುತ್ತದೆ, ಆಯುಷ್ಯ ಕಡಿಮೆಯಾಗುತ್ತದೆ. ಸಿಲ್ವರ್ ಅರೋವಾನಾ ದಕ್ಷಿಣ ಅಮೆರಿಕದ ನದಿಗಳಲ್ಲಿ 90 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಮನೆಯ ಟ್ಯಾಂಕಿನಲ್ಲೂ 60ರಿಂದ 75 ಸೆಂಟಿಮೀಟರ್. ನಿಮ್ಮ ಟ್ಯಾಂಕಿನ ಅಗಲ 45 ಸೆಂಟಿಮೀಟರ್ ಮಾತ್ರ. ಮೀನು ಕೊಳ್ಳುವಾಗ ನಾನು ಮೊದಲು ನೋಡುವುದು ಈ ಅಗಲವನ್ನೇ: ಪೂರ್ತಿ ಬೆಳೆದ ಮೀನಿನ ಉದ್ದಕ್ಕಿಂತ ಟ್ಯಾಂಕಿನ ಅಗಲ ಹೆಚ್ಚಿರಬೇಕು, ಇಲ್ಲದಿದ್ದರೆ ಅದಕ್ಕೆ ನೆಟ್ಟಗೆ ತಿರುಗಲು ಬರುವುದಿಲ್ಲ. ಈ ಲೆಕ್ಕ ಹಿಡಿದರೆ 30, ಹೆಚ್ಚೆಂದರೆ 35 ಸೆಂಟಿಮೀಟರ್ ಬೆಳೆಯುವ ಮೀನಿಗೆ ನಿಮ್ಮ ಟ್ಯಾಂಕ್ ಕೊನೆ. ಅದೂ ಒಂದಕ್ಕೆ.

ಅಲಿಗೇಟರ್ ಗಾರ್ ಮಾತಂತೂ ಬೇಡವೇ ಬೇಡ. ಉತ್ತರ ಅಮೆರಿಕದ ಈ ಮೀನು ಎರಡು ಮೀಟರ್ ದಾಟಿ ಬೆಳೆಯುತ್ತದೆ. ಸಾಕಿದವರಿಗೆ ಸಾಕಾಗಿ ಕೆರೆಗೆ ಬಿಟ್ಟರೆ ಏನಾಗುತ್ತದೆ ಎಂಬ ಆತಂಕ 2023ರ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅದು ಸಿಕ್ಕಾಗ ದೇಶಕ್ಕೆಲ್ಲ ಗೊತ್ತಾಯಿತು. ನಮ್ಮ ಭೂತನಾಳ ಕೆರೆಗೋ ಆಲಮಟ್ಟಿ ಹಿನ್ನೀರಿಗೋ ಅಂಥದ್ದು ಒಂದು ಸೇರಿದರೂ ಅಲ್ಲಿನ ಮೀನುಗಾರರ ಹೊಟ್ಟೆಯ ಮೇಲೆ ಹೊಡೆದಂತೆ. ರೆಡ್ ಟೇಲ್ ಕ್ಯಾಟ್‌ಫಿಶ್ ಮರಿ ಅಂಗೈಯಲ್ಲಿ ಮುದ್ದಾಗಿ ಕಾಣುತ್ತದೆ, ಅದೂ ಒಂದು ಮೀಟರ್ ದಾಟುವ ಜಾತಿ. ‘ಪಿರಾನಾ’ ಎಂದು ಮಾರುವುದು ಬಹುಪಾಲು ಪಾಕು ಮೀನು. ಮೀನು ಮಾರ್ಕೆಟ್ಟಿನಲ್ಲಿ ರೂಪಚಂದ್ ಎಂದು ತೂಗಿ ಕೊಡುವುದು ಇದನ್ನೇ. ಹಲ್ಲು ಮನುಷ್ಯರ ಹಲ್ಲಿನ ಹಾಗೆ ಇರುತ್ತದೆ, ಹೆಚ್ಚಾಗಿ ಹಣ್ಣು, ಕಾಯಿ, ಬೀಜ ತಿನ್ನುತ್ತದೆ. ನೀವು ಬಯಸಿದ ಬೇಟೆ ಅದರಲ್ಲಿ ಕಾಣುವುದಿಲ್ಲ. ಯಾರಾದರೂ ಕೆಂಪು ಅಥವಾ ಬಂಗಾರ ಬಣ್ಣದ ಏಷ್ಯನ್ ಅರೋವಾನಾ ತೋರಿಸಿದರೆ ಒಂದು ಮಾತು ನೆನಪಿರಲಿ: ಅದು ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿರುವ ಜೀವಿ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆದಮೇಲೆ ಅಂಥ ಪ್ರಾಣಿ ಇಟ್ಟುಕೊಂಡವರು ನೋಂದಾಯಿಸಬೇಕು. ಕಾಗದಪತ್ರ ಇಲ್ಲದೆ ಕೊಟ್ಟರೆ ಮುಟ್ಟಬೇಡಿ.

ಈಗ ನಿಮಗೆ ಏನು ಸರಿಹೋಗುತ್ತದೆ ಎಂಬ ವಿಚಾರ. ನೀವು ಅಂಗಡಿಯಿಂದ ಶುರು ಮಾಡಿದ್ದೀರಿ. ನಾನು ನಿಮ್ಮ ಬೋರಿನಿಂದ ಶುರು ಮಾಡುತ್ತೇನೆ. ನೀರನ್ನು ಮೀನಿಗೆ ತಕ್ಕಂತೆ ಬದಲಿಸುತ್ತ ಕೂರುವುದಕ್ಕಿಂತ ನೀರಿಗೆ ತಕ್ಕ ಮೀನನ್ನು ತರುವುದು ಎಷ್ಟೋ ಸುಲಭ.

ನಮ್ಮ ಜಿಲ್ಲೆ ಬಹುಪಾಲು ಕೂತಿರುವುದು ದಖ್ಖನ್ನಿನ ಕರಿಕಲ್ಲಿನ ಮೇಲೆ. ಅದರ ಬಿರುಕುಗಳಲ್ಲಿ ನಿಂತು ಮೇಲೆ ಬರುವ ನೀರು ಲವಣ ಹೊತ್ತು ತರುತ್ತದೆ. ಸ್ನಾನಕ್ಕೆ ಸಾಬೂನು ನೊರೆ ಬಿಡದಿರುವುದು, ಗೀಸರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವುದು ನಿಮಗೆ ಹೊಸದಲ್ಲ. ಕುಡಿಯುವ ನೀರಿಗೆ ಟಿಡಿಎಸ್ 500ರೊಳಗೆ ಇರಲಿ, ಬೇರೆ ನೀರು ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ನಿಮ್ಮ 900 ಗಡಸು ನೀರು, ಆದರೆ ವಿಪರೀತವೇನಲ್ಲ. ಇಂಥ ನೀರಿನಲ್ಲಿ ಅಮೆಜಾನಿನ ಮೆದು ನೀರಿನ ನಾಜೂಕು ಮೀನು ಸಾಕುವುದು ವರ್ಷಪೂರ್ತಿ ಗುದ್ದಾಟ. ಆಫ್ರಿಕಾದ ಮಲಾವಿ ಸರೋವರದ ಮೀನುಗಳಿಗೆ ಮಾತ್ರ ಕ್ಷಾರ ನೀರೇ ತವರು. ಅಲ್ಲಿನ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಸುಮಾರು 7.7ರಿಂದ 8.6. ಆ ಸರೋವರದ ನೀರಿನಲ್ಲಿ ಲವಣ ನಿಮ್ಮ ಬೋರಿನಷ್ಟಿಲ್ಲ, ಅದನ್ನೂ ಹೇಳಬೇಕು. ಅದಕ್ಕೇ ಮೂರು ಪಾಲು ಬೋರ್ ನೀರಿಗೆ ಒಂದು ಪಾಲು ಆರ್‌ಒ ನೀರು ಬೆರೆಸಿದರೆ ಚಲೋ. ಪೂರ್ತಿ ಆರ್‌ಒ ನೀರು ಹಾಕುವ ತಪ್ಪು ಮಾಡಬೇಡಿ, ಪಿಎಚ್ ಹಿಡಿದು ನಿಲ್ಲಿಸುವ ಲವಣವೇ ಅದರಲ್ಲಿ ಇರುವುದಿಲ್ಲ.

ಮಲಾವಿ ಮೀನುಗಳಲ್ಲಿ ನಾನು ನಿಮಗೆ ಆರಿಸುವುದು ನಿಂಬೋಕ್ರೋಮಿಸ್ ಲಿವಿಂಗ್‌ಸ್ಟೋನಿ. ಅಂಗಡಿಯಲ್ಲಿ ಬರೀ ‘ಲಿವಿಂಗ್‌ಸ್ಟೋನಿ’ ಎಂದರೆ ತಿಳಿಯುತ್ತದೆ. 20ರಿಂದ 25 ಸೆಂಟಿಮೀಟರ್ ಬೆಳೆಯುತ್ತದೆ. ಬೆಳ್ಳಿ ಮೈಮೇಲೆ ಕಂದು ಮಚ್ಚೆ, ಅಲ್ಲಲ್ಲಿ ಕೊಳೆತಂತೆ ಕಾಣುವ ತೇಪೆ. ಆ ತೇಪೆಗೆ ಅರ್ಥವಿದೆ. ಈ ಮೀನು ಬೇಟೆಯ ಬೆನ್ನು ಹತ್ತುವುದಿಲ್ಲ. ಮರಳಿನ ಮೇಲೆ ಮಗ್ಗುಲಾಗಿ ಬಿದ್ದು ಸತ್ತಂತೆ ನಟಿಸುತ್ತದೆ. ಹೆಣ ಕುಟುಕಲು ಸಣ್ಣ ಮೀನುಗಳು ಹತ್ತಿರ ಬರುತ್ತವೆ. ಬಾಯಿಯ ಅಳತೆಗೆ ಬಂದ ಕೂಡಲೇ ಒಂದೇ ಚಿಮ್ಮು, ಮುಗಿಯಿತು. ಮಲಾವಿಯ ಬೆಸ್ತರು ಇದನ್ನು ಕಲಿಂಗೋನೋ, ಅಂದರೆ ಮಲಗುವವ, ಎಂದೇ ಕರೆಯುತ್ತಾರೆ. 1981ರಲ್ಲಿ ಕೆನೆತ್ ಮೆಕೇ ಎಂಬ ವಿಜ್ಞಾನಿ ಸರೋವರದಲ್ಲೇ ಈ ನಟನೆ ನೋಡಿ ದಾಖಲಿಸಿದರು. ನನ್ನ ಟ್ಯಾಂಕಿನಲ್ಲಿ ಮೊದಲ ಸಲ ಅದು ಹಾಗೆ ಮಲಗಿದಾಗ ಸತ್ತೇಹೋಯಿತೆಂದು ಬಲೆ ತರಲು ಎದ್ದಿದ್ದೆ. ನಿಮ್ಮ ಮಗ ಬೇಟೆ ನೋಡಬೇಕೆಂದರೆ ಇದಕ್ಕಿಂತ ದೊಡ್ಡ ಪಾಠ ಬೇರೆ ಮೀನಿನಲ್ಲಿ ಸಿಗಲಿಕ್ಕಿಲ್ಲ. ಪೆಲೆಟ್ (ಗುಳಿಗೆಯಂಥ ಒಣ ಆಹಾರ) ತಿನ್ನುವ ಮೀನೂ ಆಗೀಗ ಈ ನಾಟಕ ಆಡುತ್ತದೆ, ಅದಕ್ಕಾಗಿ ಜೀವಂತ ಮೀನು ಹಾಕಬೇಕಿಲ್ಲ.

ಒಂದೇ ಒಂದು ಲಿವಿಂಗ್‌ಸ್ಟೋನಿ ತನ್ನಿ. ಜೊತೆಗೆ ಮಲಾವಿಯದೇ ಇನ್ನೊಂದು ಮೀನು, ಗಂಡು ಎಲೆಕ್ಟ್ರಿಕ್ ಬ್ಲೂ ಒಂದು. ಅದೂ ಮರಿಮೀನು ತಿನ್ನುವ ಬೇಟೆಗಾರನೇ, ಆದರೆ 15-17 ಸೆಂಟಿಮೀಟರಿಗೆ ನಿಲ್ಲುತ್ತದೆ, ಬಣ್ಣ ನವಿಲಿನ ಕೊರಳಿನ ನೀಲಿ. ಬೇರೆ ಬೇರೆ ಬಣ್ಣದ ಗಂಡು ಪೀಕಾಕ್ (ಇದೂ ಮಲಾವಿಯ ಮೀನೇ) ಮೂರು. ಎಲ್ಲಾ ಗಂಡೇ ಇರಲಿ, ಒಂದು ಹೆಣ್ಣು ಸೇರಿದರೂ ಉಳಿದವು ಅದಕ್ಕಾಗಿ ಹೊಡೆದಾಡಿ ಮೈ ಹರಿದುಕೊಳ್ಳುತ್ತವೆ. ಪೀಕಾಕ್ ಮತ್ತು ಬ್ಲೂ ಎರಡನ್ನೂ 10 ಸೆಂಟಿಮೀಟರ್ ದಾಟಿ ಬಣ್ಣ ಬಂದ ಮೇಲೆ ಕೊಳ್ಳಿ. ಲಿವಿಂಗ್‌ಸ್ಟೋನಿಯನ್ನು ಮಾತ್ರ ಐದಾರು ಸೆಂಟಿಮೀಟರಿನ ಮರಿಯಾಗಿ, ಎಲ್ಲಕ್ಕಿಂತ ಕೊನೆಗೆ ಬಿಡಿ. ತನಗಿಂತ ದೊಡ್ಡವರ ನಡುವೆ ಬೆಳೆದ ಮೀನಿಗೆ ಅವರ ಮೇಲೆ ಬಾಯಿ ಹಾಕುವ ರೂಢಿ ಬರುವುದಿಲ್ಲ. ತಳಕ್ಕೆ ಎರಡು ಇಂಚು ಚೆನ್ನಾಗಿ ತೊಳೆದ ಮರಳು ಬೇಕು, ಹರಳುಕಲ್ಲು ಹಾಕಿದರೆ ಅದಕ್ಕೆ ಮಲಗಲು ಜಾಗವಿಲ್ಲ. ಕಲ್ಲು ಜೋಡಿಸುವುದಾದರೆ ನಮ್ಮ ಕರಿಕಲ್ಲೇ ಚಲೋ. ಬಾಗಲಕೋಟೆ ಕಡೆಯಿಂದ ಸುಣ್ಣದ ಕಲ್ಲು ತರಬೇಡಿ, ಇದ್ದ ಗಡಸುತನ ಇನ್ನೂ ಏರುತ್ತದೆ. ಅನುಮಾನ ಇದ್ದರೆ ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಿ, ಬುರುಗು ಬಂದರೆ ಅದು ಸುಣ್ಣದ್ದು.

ಆಸ್ಕರ್ ಬಗ್ಗೆ ನಿಮಗೆ ಆಸೆ ಇದ್ದರೆ ತಪ್ಪಿಲ್ಲ, ಆದರೆ ಎರಡಲ್ಲ, ಒಂದು. ಅಮೆಜಾನಿನ ಮೀನಾದರೂ ತಲೆಮಾರುಗಳಿಂದ ಟ್ಯಾಂಕಿನಲ್ಲೇ ಮರಿಯಾಗಿ ಬಂದದ್ದು, ಗಡಸು ನೀರಿಗೆ ಒಗ್ಗುತ್ತದೆ. 30 ಸೆಂಟಿಮೀಟರ್ ಬೆಳೆಯುತ್ತದೆ, ಹತ್ತು ವರ್ಷ ಮೀರಿ ಬದುಕುತ್ತದೆ, ಊಟ ಹಾಕುವವರ ಗುರುತು ಹಿಡಿಯುತ್ತದೆ. ಎರಡು ಹಾಕಿದರೆ ಒಂದು ವರ್ಷದ ಹೊತ್ತಿಗೆ ಪ್ರಾಯಕ್ಕೆ ಬಂದು ನಾಲ್ಕು ಫೂಟನ್ನೂ ಒಂದೇ ಮೀನು ತನ್ನದೆನ್ನುತ್ತದೆ, ಇನ್ನೊಂದು ಮೂಲೆಯಲ್ಲಿ ಹರಿದ ರೆಕ್ಕೆಯೊಂದಿಗೆ ನಿಲ್ಲುತ್ತದೆ. ಆಸ್ಕರಿನ ತೊಂದರೆ ಹೊಲಸು. ಅಷ್ಟು ತಿನ್ನುತ್ತದೆ, ಅಷ್ಟೇ ಹೊರಗೆ ಹಾಕುತ್ತದೆ. ನೀರು ಬದಲಿಸುವಲ್ಲಿ ಸೋಮಾರಿತನ ಮಾಡಿದರೆ ತಲೆಯ ಮೇಲೆ ಸಣ್ಣ ಗುಂಡಿಗಳು ಬೀಳುತ್ತವೆ. ಫ್ಲವರ್‌ಹಾರ್ನ್ ಕೂಡ ಗಡಸು ನೀರಿಗೆ ಒಗ್ಗುವ ಮೀನು, ಅದೂ ಒಂಟಿಯಾಗಿಯೇ ಇರಬೇಕು. ಆದರೆ ಅದು ತಳಿ ಕೂಡಿಸಿ ಮಾಡಿದ ಮೀನು. ಕಾಡಿನ ಬೇಟೆಗಾರನನ್ನು ನೋಡುವ ನಿಮ್ಮ ಆಸೆಗೆ ಅದು ಹೊಂದುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಇಷ್ಟು ಹೇಳಿದ ಮೇಲೆ ನಿಮ್ಮ ಕರೆಂಟಿನ ಮಾತಿಗೆ ಬರಬೇಕು. ನನ್ನ ಆಯ್ಕೆ ಬದಲಾಗುವುದು ಇಲ್ಲಿಯೇ.

ಮಲಾವಿ ಮೀನಿಗೆ 24ರಿಂದ 28 ಡಿಗ್ರಿ ಹಿತ, 30 ದಾಟಿದರೆ ಕಷ್ಟ. ನಮ್ಮ ಊರಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಇರುವಾಗ ಪಡಸಾಲೆಯ ಟ್ಯಾಂಕ್ 32-33ಕ್ಕೆ ಏರುವುದು ನಾನೇ ಅಳೆದದ್ದು. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿದಿಡುವ ನೀರು 32 ಡಿಗ್ರಿಯಲ್ಲಿ ಸುಮಾರು 7.3 ಮಾತ್ರ ಹಿಡಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಬೇಕಾದ ಆಮ್ಲಜನಕ ಹೆಚ್ಚಾಗಿರುತ್ತದೆ. ಆಗ ಕರೆಂಟ್ ಹೋಗಿ ಪಂಪ್ ನಿಂತರೆ ದೊಡ್ಡ ಮೀನೇ ಮೊದಲು ಮೇಲೆ ಬಂದು ಬಾಯಿ ಬಡಿಯುತ್ತದೆ.

ಇನ್ವರ್ಟರ್ ಇದ್ದರೆ ಅರ್ಧ ಚಿಂತೆ ಕಳೆಯಿತು. ಏರ್ ಪಂಪ್ ತಿನ್ನುವ ಕರೆಂಟ್ ಒಂದು ಸಣ್ಣ ಬಲ್ಬಿನಷ್ಟೂ ಇಲ್ಲ, ಅದರ ವೈರನ್ನು ಇನ್ವರ್ಟರ್ ಲೈನಿಗೆ ಕೊಡಿಸಿ. ಇಲ್ಲದಿದ್ದರೆ ಕರೆಂಟ್ ಹೋದಾಗ ತಾನೇ ಶುರುವಾಗುವ ಚಾರ್ಜಿಂಗ್ ಏರ್ ಪಂಪ್ ತನ್ನಿ. ತಂಪು ಮಾಡಲು ದೊಡ್ಡ ಖರ್ಚು ಬೇಡ. ಮುಚ್ಚಳದ ಬದಲು ಜಾಲರಿ ಹಾಕಿ, ನೀರಿನ ಮೇಲ್ಮೈಗೆ ಓರೆಯಾಗಿ ಸಣ್ಣ ಟೇಬಲ್ ಫ್ಯಾನ್ ಬೀಸಲಿ. ನಮ್ಮ ಬೇಸಿಗೆ ಒಣ ಬೇಸಿಗೆ, ಮಂಗಳೂರಿನ ಹಾಗೆ ಜಿಗುಟಿಲ್ಲ. ನೀರು ಬೇಗ ಆವಿಯಾಗಿ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ, ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವ ಹಾಗೆಯೇ. ಆದರೆ ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಆರಿದಷ್ಟು ನೀರನ್ನು ಮತ್ತೆ ಬೋರಿನಿಂದ ತುಂಬುತ್ತ ಹೋದರೆ ಜೂನ್ ಹೊತ್ತಿಗೆ ನಿಮ್ಮ 900 ಎಲ್ಲಿಗೋ ಮುಟ್ಟಿರುತ್ತದೆ. ಆರಿದ ಜಾಗಕ್ಕೆ ಆರ್‌ಒ ನೀರನ್ನೇ ತುಂಬಿ, ಬೋರ್ ನೀರು ವಾರದ ಬದಲಾವಣೆಗೆ ಮಾತ್ರ. ಬರ್ಫಿನ ಗಡ್ಡೆ ಹಾಕಬೇಡಿ, ಒಮ್ಮೆಲೇ ಇಳಿದ ಉಷ್ಣತೆ ಶಾಖಕ್ಕಿಂತ ಬೇಗ ಮೀನನ್ನು ಕೆಡವುತ್ತದೆ. ಡಿಸೆಂಬರ್-ಜನವರಿಯ ರಾತ್ರಿಗಳಿಗೆ 200 ವ್ಯಾಟಿನ ಹೀಟರ್ ಕೂಡ ಬೇಕು, ಇಲ್ಲಿಯ ಚಳಿಯನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ಏರ್ಪಾಡು ನಿಮ್ಮಿಂದ ಆಗದು ಎನಿಸಿದರೆ ಲಿವಿಂಗ್‌ಸ್ಟೋನಿ ಬಿಟ್ಟುಬಿಡಿ, ಚನ್ನಾ ಗಚುವಾ ತನ್ನಿ. ಇದು ನಮ್ಮದೇ ದೇಶದ ಸಣ್ಣ ಕೊರವ ಮೀನು, ಹಳ್ಳ-ಕೊಳ್ಳದಲ್ಲಿ ಬದುಕುವ ಜಾತಿ. ಹೆಚ್ಚೆಂದರೆ 20 ಸೆಂಟಿಮೀಟರ್. ಕಿವಿರಿನ ಮೇಲೆ ಗಾಳಿ ಹೀರುವ ಅಂಗವಿದೆ, ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತದೆ, ಆದ್ದರಿಂದ ಪಂಪ್ ಕೆಲವು ತಾಸು ನಿಂತರೂ ಉಸಿರು ಕಟ್ಟುವುದಿಲ್ಲ. ಹಾಗೆಂದೇ ನೀರಿಗೂ ಮುಚ್ಚಳಕ್ಕೂ ನಡುವೆ ಮೂರು-ನಾಲ್ಕು ಇಂಚು ಜಾಗ ಬಿಡಲೇಬೇಕು. ಮುಚ್ಚಳಕ್ಕೆ ಕಲ್ಲು ಹೇರಿ, ಬೆರಳು ತೂರುವ ಸಂದಿಯಿಂದಲೂ ಇದು ಹೊರಗೆ ಜಿಗಿಯುತ್ತದೆ. ರೆಕ್ಕೆಯ ಅಂಚಿಗೆ ಕಿತ್ತಳೆ, ಮೈಗೆ ಹಸಿರು-ನೀಲಿ ಹೊಳಪು. ಐದಾರು ಮರಿ ತಂದು ಒಟ್ಟಿಗೆ ಬೆಳೆಸಿ, ಒಂದು ಜೋಡಿ ತಾನಾಗಿ ಕೂಡಿದ ಮೇಲೆ ಉಳಿದವನ್ನು ಬೇರೆಯವರಿಗೆ ಕೊಡಿ. ಒಡೆದ ಮಣ್ಣಿನ ಮಡಕೆ ಎರಡು ಮೂರು ಇಟ್ಟರೆ ಸಾಕು, ಅದೇ ಅವುಗಳ ಮನೆ. ಮೊಟ್ಟೆಯಾದರೆ ತಂದೆ ಮೀನು ಅವನ್ನು ಬಾಯಲ್ಲಿಟ್ಟು ಕಾಯುತ್ತದೆ, ಆ ದಿನಗಳಲ್ಲಿ ಉಪವಾಸವೇ. ಇದನ್ನು ನೋಡಿದವರು ಬೇಟೆ ಮೀನು ಎಂದರೆ ಬರೀ ಕ್ರೂರ ಎಂದು ಮತ್ತೆ ಹೇಳುವುದಿಲ್ಲ. ಅಸ್ಸಾಂ ಕಡೆಯ ಬಣ್ಣಬಣ್ಣದ ಚನ್ನಾಗಳನ್ನು, ಉದಾಹರಣೆಗೆ ಬ್ಲೆಹೆರಿಯನ್ನು, ತೋರಿಸಿ ಆಸೆ ಹುಟ್ಟಿಸುತ್ತಾರೆ. ಅವಕ್ಕೆ ತಂಪಾದ ಚಳಿಗಾಲ ಬೇಕು, ನಮ್ಮ ಬಿಸಿಲಿನಲ್ಲಿ ಬಳಲುತ್ತವೆ.

ನಿಮ್ಮ ಟ್ಯಾಂಕಿನ ಲೆಕ್ಕ ಒಂಬತ್ತು ಘನ ಫೂಟು, ಅಂದರೆ ಸುಮಾರು 255 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 210-220 ಲೀಟರ್ ನೀರು ನಿಲ್ಲುತ್ತದೆ. ಗಾಜು, ಸ್ಟ್ಯಾಂಡ್ ಸೇರಿ 300 ಕಿಲೋ ಮೀರುವ ಭಾರ. ಹಳೆಯ ಜಂತಿ ಮನೆಯಾದರೆ ಮಾಳಿಗೆ ಮೇಲೆ ಬೇಡ, ಕೆಳಗೇ ಇರಲಿ. ಫರಸಿ ಏರುಪೇರಿದ್ದರೆ ಸ್ಟ್ಯಾಂಡಿನ ಕಾಲನ್ನು ಸಮ ಮಾಡಿಕೊಂಡು ಟ್ಯಾಂಕಿನ ಕೆಳಗೆ ಥರ್ಮೋಕೋಲ್ ಹಾಳೆ ಹಾಸಿ. ವಾರಕ್ಕೊಮ್ಮೆ ಕಾಲುಭಾಗ ನೀರು, ಅಂದರೆ ಮೂರೂವರೆ-ನಾಲ್ಕು ಬಕೆಟ್, ಬದಲಿಸಬೇಕು. ತೆಗೆದ ನೀರನ್ನು ಕರಿಬೇವಿಗೆ, ಮಲ್ಲಿಗೆಗೆ ಹಾಕಿ, ಗೊಬ್ಬರದ ನೀರು ಅದು. ನಳದ ನೀರು ಬಳಸಿದ ದಿನ ಕ್ಲೋರಿನ್ ತೆಗೆಯುವ ಹನಿ ಮರೆಯಬೇಡಿ.

ಗಡಸು ನೀರಿನವರು ಅಮೋನಿಯಾ ಬಗ್ಗೆ ಉಳಿದವರಿಗಿಂತ ಹೆಚ್ಚು ಎಚ್ಚರ ವಹಿಸಬೇಕು, ಅಂಥ ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾದಲ್ಲಿ ವಿಷವಾಗುವ ಪಾಲು ಪಿಎಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ಸುಮಾರು ಹತ್ತು ಪಟ್ಟು. ಬೇರೆ ಊರಿನ ಟ್ಯಾಂಕಿನಲ್ಲಿ ಮೀನು ತಡೆದುಕೊಂಡ ತಪ್ಪು ನಿಮ್ಮಲ್ಲಿ ಒಂದೇ ರಾತ್ರಿಯಲ್ಲಿ ಕೊಲ್ಲಬಹುದು. ಅದೃಷ್ಟಕ್ಕೆ ಎರಡು ವರ್ಷ ಗೋಲ್ಡ್ ಫಿಶ್ ಸಾಕಿದ ನಿಮ್ಮ ಫಿಲ್ಟರಿನ ಸ್ಪಂಜಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಈಗಾಗಲೇ ಮನೆ ಮಾಡಿವೆ. ಹೊಸ ಟ್ಯಾಂಕ್ ಆಗಿದ್ದರೆ ನಾಲ್ಕರಿಂದ ಆರು ವಾರ ಕಾಯಬೇಕಿತ್ತು. ಆ ಸ್ಪಂಜನ್ನು ನಳದ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ ಮತ್ತೆ ಹಾಕಿ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಇಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ಇದ್ದು ಕರೆಂಟ್ ಹಲವು ತಾಸು ಹೋಗಿದ್ದರೆ, ಅದರೊಳಗೆ ಕೊಳೆತ ನೀರನ್ನು ಹೊರಗೆ ಚೆಲ್ಲಿದ ಮೇಲೆಯೇ ಮತ್ತೆ ಚಾಲೂ ಮಾಡಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಗೋಲ್ಡ್ ಫಿಶ್ ತಿನ್ನಿಸಬೇಡಿ. ಎರಡು ವರ್ಷ ಸಾಕಿದ ಜೀವ ಎಂಬುದು ನನಗೆ ಸಾಕಾದ ಕಾರಣ, ಆದರೆ ಆರೋಗ್ಯದ ಕಾರಣವೂ ಇದೆ. ಗೋಲ್ಡ್ ಫಿಶ್ ಮೈಯಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಅದು ಗೋಲ್ಡ್ ಫಿಶ್ ತಿಂದ ಮೀನಿನ ಬಿ1 ಜೀವಸತ್ವವನ್ನು ನಾಶ ಮಾಡುತ್ತದೆ. ಅದನ್ನೇ ತಿನ್ನುತ್ತ ಬಂದರೆ ನರ ಸೋತು ತೂಗಾಡುತ್ತ ಈಜುತ್ತದೆ. ಅಂಗಡಿಯಿಂದ ತರುವ ಸಣ್ಣ ಗೋಲ್ಡ್ ಫಿಶ್ ಜೊತೆ ಹುಳ, ಬಿಳಿ ಚುಕ್ಕೆ ರೋಗವೂ ಬರುತ್ತವೆ. ಕೋಳಿ ಲಿವರ್ ಹಾಕುವ ರೂಢಿ ನಮ್ಮಲ್ಲಿದೆ, ಅದರ ಕೊಬ್ಬು ಮೀನಿಗೆ ಸರಿಯಾಗಿ ಜೀರ್ಣವಾಗುವುದಿಲ್ಲ. 40-45 ಶೇಕಡಾ ಪ್ರೋಟೀನಿನ ಪೆಲೆಟ್ ದಿನದ ಊಟವಾಗಲಿ. ವಾರಕ್ಕೆ ಎರಡು ಸಲ ಮುಳ್ಳು ತೆಗೆದ ಜಿಲೇಬಿ ಮೀನಿನ ಸಣ್ಣ ತುಂಡು, ಮಳೆಗಾಲದಲ್ಲಿ ಔಷಧಿ ಹೊಡೆಯದ ತೋಟದ ಎರೆಹುಳ. ವಾರದಲ್ಲಿ ಒಂದು ದಿನ ಏನೂ ಬೇಡ. ಹೊಸ ಮೀನು ಪೆಲೆಟ್ ಮುಟ್ಟದಿದ್ದರೆ ಎರಡು-ಮೂರು ದಿನ ಹಸಿದಿರಲಿ, ಆಮೇಲೆ ಮೀನಿನ ತುಂಡಿನೊಳಗೆ ಪೆಲೆಟ್ ಹುದುಗಿಸಿ ಕೊಡಿ. ಹೆಚ್ಚಿನವು ಹೀಗೆ ಹಾದಿಗೆ ಬರುತ್ತವೆ.

ಆರು ಗೋಲ್ಡ್ ಫಿಶ್‌ಗಳಿಗೆ ಅಂಗಳದಲ್ಲಿ ನೆರಳಿರುವ ಸಿಮೆಂಟಿನ ತೊಟ್ಟಿ ಇದ್ದರೆ ಅದೇ ಚಲೋ, ತಂಪಿನಲ್ಲಿ ಬೆಳೆಯುವ ಮೀನು ಅವು, ಸೊಳ್ಳೆಯ ಮರಿಯನ್ನೂ ತಿನ್ನುತ್ತವೆ. ಹೊಸ ಮೀನನ್ನು ಈಗಿನ ಬಿಸಿಲಿನಲ್ಲಿ ತರಿಸಬೇಡಿ. ಬೆಳಗಾವಿಯಿಂದಲೋ ಪುಣೆಯಿಂದಲೋ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರುವ ಚೀಲ ಮೇ ತಿಂಗಳಲ್ಲಿ ದಾರಿಯಲ್ಲೇ ಬೇಯುತ್ತದೆ. ಎರಡು ಮಳೆ ಬಿದ್ದು ನೆಲ ತಂಪಾಗಲಿ. ಅಷ್ಟರೊಳಗೆ ಫ್ಯಾನ್, ಏರ್ ಪಂಪಿನ ಬ್ಯಾಟರಿ, ಮರಳು ಎಲ್ಲಾ ಹೊಂದಿಸಿಕೊಳ್ಳಿ, ಬೋರ್ ನೀರಿನ ಪಿಎಚ್ ಮತ್ತು ನೈಟ್ರೇಟ್ ಎರಡನ್ನೂ ಟೆಸ್ಟ್ ಕಿಟ್ಟಿನಲ್ಲಿ ಅಳೆಯಿರಿ. ಸುತ್ತ ಹೊಲಗಳಿರುವ ಕಡೆ ಬೋರಿನಲ್ಲೇ ನೈಟ್ರೇಟ್ ಹೆಚ್ಚಿರುವುದುಂಟು. ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಆರ್‌ಒ ನೀರಿನ ಪಾಲನ್ನು ಅರ್ಧಕ್ಕೆ ಏರಿಸಬೇಕಾಗುತ್ತದೆ. ಆ ಎರಡು ಅಂಕಿ ಬರೆದು ಕಳಿಸಿ, ನೀರು ಬೆರೆಸುವ ಲೆಕ್ಕವನ್ನು ಕೂಡಿಯೇ ಹಾಕೋಣ.